ಕಲ್ಲಿನಡಿಯ ರೆಪ್ಪೆಗೂದಲು

ಹನ್ನೊಂದು ಗಂಟೆಯೋ ಹನ್ನೆರಡಕ್ಕೆ ಐದು ನಿಮಿಷವೋ, ಯಾವುದು ಚಿಕ್ಕ ಮುಳ್ಳು ಯಾವುದು ದೊಡ್ಡದು ಎಂದೇ ತಿಳಿಯುತ್ತಿಲ್ಲ, ಗೋಡೆಯ ಗಡಿಯಾರ ಗಂಜಿಯ ತಿಳಿಯಲ್ಲಿ ಬಿದ್ದ ಹಾಗಿದೆ, ಸುತ್ತಲೂ ಮಂಕು ಬೆಳಕಿನದೊಂದು ಬಳೆ, ಬಲಗಣ್ಣು ಮುಚ್ಚಿದರೆ ಬಳೆ ಚಿಕ್ಕದಾಗುತ್ತದೆ, ಎಡಗಣ್ಣು ಮುಚ್ಚಿದರೆ ಗಡಿಯಾರವೇ ಇಲ್ಲ, ಬರೀ ಬಳೆ — ಬೇಡ, ಹೀಗೆ ಮುಚ್ಚಿ ತೆರೆದು ಮಾಡಿದರೆ ರೆಪ್ಪೆ ಮತ್ತೆ ಕೆಂಪಾಗುತ್ತದೆ, ಒಳಗೆ ಕರೆದಾಗ ಡಾಕ್ಟರು ನೋಡುವುದು ಅದನ್ನೇ, ಆರು ವಾರದ ಆರೈಕೆಯೆಲ್ಲ ಗಡಿಯಾರ ನೋಡಲು ಹೋಗಿ ಹಾಳಾದೀತು. ಯೊನ್‌ಸಿಲ್ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಳು, ಅರವತ್ನಾಲ್ಕು ವರ್ಷದ ಹೆಂಗಸು ಶಾಲೆಯ ಹುಡುಗಿಯ ಹಾಗೆ, ಬಿಟ್ಟರೆ ಅವು ತಾವಾಗಿ ಕಣ್ಣಿಗೆ ಹೋಗುತ್ತವೆ, ಕೈಗೆ ಬುದ್ಧಿ ಎಲ್ಲಿಯದು. ತುರಿಕೆ ರೆಪ್ಪೆಯ ಅಂಚಿನಲ್ಲಿ, ಕೂದಲು ಹುಟ್ಟುವಲ್ಲಿ, ಇರುವೆಯ ಸಾಲು ಮೆಲ್ಲಗೆ ನಡೆದುಹೋದ ಹಾಗೆ, ನಿಂತ ಹಾಗೆ, ಮತ್ತೆ ನಡೆದ ಹಾಗೆ. ಮಡಿಲಲ್ಲಿ ಅರ್ಜಿ. ಗುರುವಾರ ಬಲಗಣ್ಣಿನ ಪೊರೆ ತೆಗೆಯುವುದು, ರೆಪ್ಪೆಯ ಉರಿಯೂತ ಇಳಿದಿದ್ದರೆ, ಅದೊಂದು, ಈ ಕಾಗದದ ಕೊನೆಯ ಸಾಲು ತುಂಬಿದ್ದರೆ, ಅದು ಇನ್ನೊಂದು. ಉಳಿದದ್ದನ್ನೆಲ್ಲ ದುಂಡಗೆ ತುಂಬಿದ್ದಾಳೆ, ಕಣ್ಣಿಗೆ ಸರಿಯಾಗಿ ಕಾಣದಿದ್ದರೂ ಕೈಗೆ ಅಭ್ಯಾಸವಿದೆ, ಹುಟ್ಟಿದ ದಿನ, ನುಂಗುವ ಮಾತ್ರೆ, ಒಗ್ಗದ ಔಷಧಿ ಯಾವುದೂ ಇಲ್ಲ, ಕೊನೆಯ ಸಾಲು ಮಾತ್ರ ಬೋಳು: ಜೊತೆಗೆ ಬರುವವರ ಹೆಸರು, ಸಂಬಂಧ, ಫೋನ್ ನಂಬರು. ಅಮ್ಮಾ, ಇಲ್ಲೊಂದು ಖಾಲಿ ಬಿಟ್ಟಿದೀರಲ್ಲ, ಎಂದು ನರ್ಸು ಆಗಲೇ ಎರಡು ಸಲ ವಾಪಸು ಕೊಟ್ಟಿದ್ದಾಳೆ, ಮನೆಯವರು ಒಬ್ರು ಜೊತೆಗೆ ಇರ್ಲೇಬೇಕು, ಕಣ್ಣಿಗೆ ಬ್ಯಾಂಡೇಜ್ ಹಾಕಿ ನಿಮ್ಮೊಬ್ರನ್ನೇ ಬಸ್ ಹತ್ತಿಸೋಕಾಗುತ್ತಾ, ಊಟಕ್ಕೆ ಮುಂಚೆ ಗುರುವಾರದ ಲಿಸ್ಟ್ ಮೇಲಕ್ಕೆ ಕಳಿಸ್ತೀವಿ, ಅಷ್ಟ್ರೊಳಗೆ ಬರೆದ್ಕೊಡಿ, ಇಲ್ಲಾಂದ್ರೆ ಹೊಸ ವರ್ಷದ ಹಬ್ಬ ಕಳೆದ್ಮೇಲೇ ನೋಡ್ಬೇಕು. ಅಮ್ಮಾ ಎನ್ನುತ್ತಾಳೆ, ಇಲ್ಲಿ ಎಲ್ಲರೂ ಹಾಗೇ ಅನ್ನುವುದು, ಬಿಳಿಗೂದಲು ಕಂಡರೆ ಸಾಕು ಅಮ್ಮಾ, ಮದುವೆಯಾಗದವಳಿಗೆ, ಹೆರದವಳಿಗೆ, ಮೊದಮೊದಲು ಒಂದು ಸಣ್ಣ ಮುಳ್ಳು ಚುಚ್ಚುತ್ತಿತ್ತು, ಈಗ ಬೇರೆ ಯಾರನ್ನೋ ಕರೆದಂತಿರುತ್ತದೆ, ಎದ್ದು ಹೋಗುವುದು ಮಾತ್ರ ತಾನು.

ಹಬ್ಬ ಕಳೆದ ಮೇಲೆ ಎಂದರೆ ಇನ್ನೆರಡು ತಿಂಗಳು. ಎರಡು ತಿಂಗಳಲ್ಲಿ ಬಸ್ಸಿನ ನಂಬರು ಪೂರ್ತಿ ಅಳಿಸಿಹೋಗುತ್ತದೆ, ಈಗಲೇ ಮೂರು ಎಂಟಾಗಿದೆ, ಹೋದ ತಿಂಗಳು ಮೀನು ಮಾರುಕಟ್ಟೆಯಲ್ಲಿ ಒದ್ದೆ ಮೆಟ್ಟಿಲು ಕಾಣದೆ ಬಿದ್ದು, ಸ್ಕ್ವಿಡ್ ತುಂಬಿದ ಬುಟ್ಟಿಯ ಪಕ್ಕದಲ್ಲಿ ಕೂತೇ ಇದ್ದಳು, ಏಟಾಗಿರಲಿಲ್ಲ, ಎದ್ದರೆ ಯಾವ ಕಡೆಗೆ ಹೋಗಬೇಕು ಎನ್ನುವುದು ಮರೆತಿತ್ತು ಅಷ್ಟೆ, ಮೀನಿನವಳು, ಅಯ್ಯೋ ನನ್ನ ಗಿರಾಕಿ ನೆಲದ ಮೇಲೇ ವ್ಯಾಪಾರಕ್ಕೆ ಕೂತ್ಬಿಟ್ಲಲ್ಲಪ್ಪಾ ಎಂದು ನಕ್ಕು ಕೈ ಹಿಡಿದು ಎಬ್ಬಿಸಿದಳು, ಆ ಕೈ ತಣ್ಣಗೆ, ಮೀನಿನ ಹುರುಪೆ ಅಂಟಿ, ಎಷ್ಟು ದಿನದ ಮೇಲೆ ತನ್ನನ್ನು ಮುಟ್ಟಿದ ಕೈ ಅದು ಎಂದು ಆಮೇಲೆ ಬಸ್ಸಿನಲ್ಲಿ ಲೆಕ್ಕ ಹಾಕಿದರೆ ಲೆಕ್ಕ ಸಿಗಲಿಲ್ಲ. ಪಕ್ಕದ ಕುರ್ಚಿಯ ಮುದುಕಿ ತನ್ನ ಸೊಸೆಯನ್ನು ಬೈಯುತ್ತಿದ್ದಾಳೆ, ಅಷ್ಟು ಜೋರಾಗಿ ಹಿಡ್ಕೋಬೇಡ್ವೇ, ನಾನೇನು ಓಡ್ಹೋಗ್ತೀನಾ, ಸೊಸೆ ಹೇಳುತ್ತಾಳೆ, ಓಡಿದ್ರೂ ಗೋಡೆಗೆ ಹೋಗಿ ಗುದ್ಕೋತೀರಿ ಅತ್ತೆ, ಸುಮ್ನಿರಿ. ಇಬ್ಬರೂ ಕಿಸಿಕಿಸಿ ನಗುತ್ತಾರೆ. ಮುದುಕಿ ಈ ಕಡೆ ತಿರುಗಿದಳು, ಯಾವ ಕಣ್ಣು, ಬಲಗಣ್ಣಾ, ನಂದು ಎರಡೂ, ಒಂದು ಆಯ್ತು ಇನ್ನೊಂದು ಇದೆ, ಹೆದ್ರಬೇಡಿ, ಏನೂ ನೋವಾಗಲ್ಲ, ಎರೆಹುಳ ಹರಿದಂಗಾಗುತ್ತೆ ಅಷ್ಟೆ, ಜೊತೆಗ್ಯಾರೂ ಬಂದಿಲ್ವಾ. ಬಂದಿದಾನೆ, ಎಂದುಬಿಟ್ಟಳು ಯೊನ್‌ಸಿಲ್, ಮಗ, ಕಾರು ನಿಲ್ಸೋಕೆ ಹೋಗಿದಾನೆ. ಎಲ್ಲಿಂದ ಬಂತು ಆ ಮಗ. ಜೀವಮಾನದಲ್ಲಿ ಒಂದು ಅಂಕಿ ತಪ್ಪು ಬರೆದವಳಲ್ಲ, ಮೂವತ್ತೈದು ವರ್ಷ ಮೀನುಗಾರಿಕೆ ಸಂಶೋಧನಾ ಕೇಂದ್ರದಲ್ಲಿ ಒಂದೊಂದು ಹನಿ ಸಮುದ್ರದ ನೀರನ್ನು ಗಾಜಿನ ಮೇಲಿಟ್ಟು ಮೀನು ಸಾಯಿಸುವ ಕೆಂಪು ಪಾಚಿಯ ಕಣಗಳನ್ನು ಎಣಿಸಿದವಳು, ಎಣಿಸಿ ಬರೆದರೆ ಅದರ ಮೇಲೆ ಇಡೀ ಕೊಲ್ಲಿಯ ಮೀನಿನ ಪಂಜರಗಳನ್ನು ಎಳೆದು ಬೇರೆ ಕಡೆಗೆ ಒಯ್ಯುತ್ತಿದ್ದರು, ಆ ಕೈ, ಆ ಬಾಯಿ, ಈಗ ಇಲ್ಲದ ಮಗನಿಗೆ ಇಲ್ಲದ ಕಾರು ಕೊಟ್ಟು ಇಳಿಜಾರಿನಲ್ಲಿ ಜಾಗ ಹುಡುಕಲು ಕಳಿಸಿದೆ. ಈ ಏರಿಯಾದಲ್ಲಿ ಜಾಗ ಸಿಗಲ್ಲ ಬಿಡಿ, ಎಂದಳು ಮುದುಕಿ, ಪಾಪ ಸುತ್ತುತಾ ಇರ್ತಾನೆ. ಹೌದು, ಸುತ್ತುತ್ತಾ ಇರುತ್ತಾನೆ.

ಆರು ವಾರ. ಮೊದಲನೆಯ ದಿನವೇ ಡಾಕ್ಟರು ಹೇಳಿದ್ದು, ಪೊರೆ ತೆಗೆಯೋದು ಕಷ್ಟ ಅಲ್ಲ ಅಮ್ಮಾ, ನಿಮ್ಮ ರೆಪ್ಪೆ ಹೀಗಿದ್ರೆ ನಾನು ಕಣ್ಣಿಗೆ ಚಾಕು ಹಾಕಲ್ಲ, ಅಂಚಿನ ಕೊಳೆಯೆಲ್ಲ ಒಳಗಿಳಿದ್ರೆ ಇರೋ ಕಣ್ಣೂ ಹೋಗುತ್ತೆ. ಆಮೇಲೆ ಬೆರಳು ಮಡಿಸುತ್ತಾ ದಾರಿಗಳನ್ನು ಹೇಳಿದರು, ಬಿಸಿ ಶಾಖ, ಅದು ಎಲ್ಲಕ್ಕೂ ಮೊದಲು, ರೆಪ್ಪೆಯ ಅಂಚಿನಲ್ಲಿ ಸಾಲಾಗಿ ಎಣ್ಣೆಯ ಗ್ರಂಥಿಗಳಿವೆ, ಅವು ಕಟ್ಟಿಕೊಂಡಿವೆ, ಹೆಪ್ಪುಗಟ್ಟಿದ ತುಪ್ಪ ಬಿಸಿಗೆ ತಾನೇ ಕರಗುವುದು, ಶಾಖ ಆದ ಮೇಲೆ ಬೆರಳಿನಿಂದ ಅಂಚಿನ ಕಡೆಗೆ ಒತ್ತುವುದು, ನಂತರ ನೊರೆಯಿಂದ ಕೂದಲ ಬುಡ ತೊಳೆಯುವುದು, ರಾತ್ರಿ ಮುಲಾಮು, ಅದಕ್ಕೂ ಬಗ್ಗದಿದ್ದರೆ ಒಂದು ತಿಂಗಳು ಮಾತ್ರೆ, ಅದಕ್ಕೂ ಬಗ್ಗದಿದ್ದರೆ ಬೆಳಕಿನ ಚಿಕಿತ್ಸೆ ಅಂತ ಇದೆ, ಕನ್ನಡಕ ಹಾಕಿ ಪಟ್ ಪಟ್ ಅಂತ ಮಿಂಚು ಹೊಡೀತೀವಿ. ವಾಸಿಯಾಗುತ್ತಾ, ಎಂದು ಕೇಳಿದಳು. ಇಳಿಯುತ್ತೆ, ಎಂದರು, ಪೂರ್ತಿ ಹೋಗೋ ಕಾಯಿಲೆ ಅಲ್ಲ ಇದು, ಹೊಂದಿಕೊಂಡು ಬಾಳ್ವೆ ಮಾಡೋದು. ಬಾಳ್ವೆ. ಸರಿ, ಅದನ್ನಾದರೂ ಕ್ರಮವಾಗಿ ಮಾಡೋಣ ಎಂದು ಮನೆಗೆ ಬಂದು ಫ್ರಿಜ್ಜಿನ ಮೇಲೆ ಚಾರ್ಟು ಅಂಟಿಸಿದಳು, ಬೆಳಿಗ್ಗೆ ಸಂಜೆ, ಉಷ್ಣತೆ, ನಿಮಿಷ, ಗೀಜು ಎಷ್ಟು, ಕೆಂಪು ಎಷ್ಟು. ಬಟ್ಟೆ ಅದ್ದಿ ಇಟ್ಟುಕೊಂಡರೆ ಎರಡು ನಿಮಿಷಕ್ಕೆ ತಣ್ಣಗಾಗುತ್ತದೆ, ಥರ್ಮಾಮೀಟರು ಹೇಳುತ್ತದೆ, ಹಾಗಾಗಿ ಕೆಂಪು ಕಾಳು ತುಂಬಿದ ಪುಟ್ಟ ಚೀಲ ಹೊಲಿದಳು, ಮೈಕ್ರೋವೇವ್ ಓವನ್ನಿನಲ್ಲಿ ಮೂವತ್ತು ಸೆಕೆಂಡು, ನಲವತ್ತು ಡಿಗ್ರಿ, ಹತ್ತು ನಿಮಿಷ ಬಿಸಿ ಹಿಡಿಯುತ್ತದೆ. ಹತ್ತು ನಿಮಿಷ ಕಣ್ಣು ಮುಚ್ಚಿ ಮಲಗುವುದು. ಇದನ್ನು ಮಾತ್ರ ಯಾವ ಡಾಕ್ಟರೂ ಹೇಳುವುದಿಲ್ಲ, ಹತ್ತು ನಿಮಿಷ ಎಷ್ಟು ಉದ್ದ ಎನ್ನುವುದನ್ನು, ಫ್ರಿಜ್ಜು ಗೊರಗುಟ್ಟಿ ನಿಲ್ಲುತ್ತದೆ, ಮೇಲಿನ ಮನೆಯಲ್ಲಿ ಯಾರೋ ಕುರ್ಚಿ ಎಳೆಯುತ್ತಾರೆ, ಬಂದರಿನಲ್ಲಿ ದೋಣಿಯ ಎಂಜಿನ್ನು, ಬೆಂದ ಕಾಳಿನ ವಾಸನೆ ಮನೆಯೆಲ್ಲ ಹರಡುತ್ತದೆ, ಚಳಿಗಾಲದ ಅತಿ ಉದ್ದದ ರಾತ್ರಿಗೆ ಅಮ್ಮ ಕುದಿಸುತ್ತಿದ್ದ ಕೆಂಪು ಗಂಜಿಯ ವಾಸನೆ, ಮೊದಲ ಸೌಟು ಹೊಸಿಲಿಗೆ, ಕೆಟ್ಟದ್ದು ಒಳಗೆ ಬಾರದಿರಲಿ ಎಂದು, ಎರಡನೆಯದು ತಂಗಿಗೆ, ಅವಳೇ ಚಿಕ್ಕವಳು — ಅಲ್ಲಿ ಯೊನ್‌ಸಿಲ್ ಚೀಲ ತೆಗೆದುಬಿಡುತ್ತಿದ್ದಳು, ಎಷ್ಟೋ ದಿನ ಎಂಟು ನಿಮಿಷಕ್ಕೇ, ಚಾರ್ಟಿನಲ್ಲಿ ಎಂಟು ಎಂದೇ ಬರೆದಳು, ಸುಳ್ಳು ಬರೆಯಲಿಲ್ಲ.

ಇನ್ನೊಂದು ಸಮಸ್ಯೆ, ಮೂರನೆಯ ವಾರ, ಇಷ್ಟು ಮಾಡಿದರೂ ಬೆಳಿಗ್ಗೆ ಕೂದಲ ಬುಡಕ್ಕೆ ಪುಟ್ಟ ಬಳೆ ತೊಡಿಸಿದ ಹಾಗೆ ಹೊಟ್ಟು ಅಂಟಿರುವುದು. ಡಾಕ್ಟರು ಚಿಮುಟದಲ್ಲಿ ಒಂದು ರೆಪ್ಪೆಗೂದಲು ಹಿಡಿದು, ಒಂಚೂರು ಚುರ್ ಅನ್ನುತ್ತೆ ಅಮ್ಮಾ, ಎಂದು ಕಿತ್ತರು, ಗಾಜಿನ ಮೇಲಿಟ್ಟು ಎಣ್ಣೆಯ ಹನಿ ಬಿಟ್ಟರು, ಪರದೆ ತಿರುಗಿಸಿದರು, ನೋಡಿ, ನಿಮ್ಮ ಬಾಡಿಗೆದಾರರು. ಕೂದಲ ಬುಡದಲ್ಲಿ ತಲೆ ಹುದುಗಿಸಿಕೊಂಡು ಬಾಲ ಅಲ್ಲಾಡಿಸುವ ನುಸಿಗಳು, ಎಂಟೆಂಟು ಮೊಂಡು ಕಾಲು, ಮುಸುಕಿನೊಳಗೆ ಸೇರಿಕೊಂಡು ಮಲಗಿದ ಮಕ್ಕಳ ಹಾಗೆ ಒತ್ತೊತ್ತಾಗಿ. ಒಂದು ಕೂದಲಿಗೆ ಮೂವರು ನೋಡಿ, ಎಂದರು ಡಾಕ್ಟರು. ನಾಲ್ಕು, ಎಂದಳು ಅವಳು ಪರದೆಗೆ ಮೂಗು ತಾಗುವಷ್ಟು ಬಗ್ಗಿ, ಆ ಕಡೆ ಬಾಲ ಮಾತ್ರ ಕಾಣ್ತಿರೋದನ್ನ ಬಿಟ್ರಿ. ಡಾಕ್ಟರು ಬಗ್ಗಿ ನೋಡಿ, ಅಬ್ಬಾ, ನೀವು ನನ್ನ ಕುರ್ಚಿಯಲ್ಲಿ ಕೂರ್ಬೇಕಿತ್ತು, ಎಂದು ನಕ್ಕರು, ಇವು ಎಲ್ಲರಲ್ಲೂ ಇರ್ತವೆ, ವಯಸ್ಸಾದ್ರೆ ಜಾಸ್ತಿ, ಹಗಲೆಲ್ಲ ಒಳಗೆ, ನಾವು ಕಣ್ಣು ಮುಚ್ಚಿದ್ಮೇಲೆ ಹೊರಗೆ ಬಂದು ಓಡಾಡ್ತವೆ, ಟೀ ಟ್ರೀ ಎಣ್ಣೆಯ ಬಟ್ಟೆ ಕೊಡ್ತೀನಿ, ಉರಿಯುತ್ತೆ, ಆದ್ರೆ ಖಾಲಿ ಮಾಡ್ಸುತ್ತೆ. ಆ ವಾರವೆಲ್ಲ ರೆಪ್ಪೆ ಒರೆಸುವಾಗ ಅವಳಿಗೆ ನಗು ಬರುತ್ತಿತ್ತು, ಏಳ್ರಪ್ಪಾ, ಮನೆ ಬಿಡಿ, ಎಂದು ಗಟ್ಟಿಯಾಗಿಯೇ ಒಂದು ಸಲ ಹೇಳಿದಳು, ತನ್ನ ಧ್ವನಿ ಕೇಳಿ ತಾನೇ ಬೆಚ್ಚಿದಳು, ಆ ದಿನ ಅದೇ ಮೊದಲ ಮಾತು, ಸಂಜೆ ಐದಾಗಿತ್ತು. ಆದರೆ ಕೆಲಸ ಕೆಟ್ಟದ್ದು ನುಸಿಯಿಂದಲ್ಲ, ಚಿಮುಟದಿಂದ. ಆ ಚುರ್ ಎನ್ನುವುದು. ರೆಪ್ಪೆಗೂದಲು ಕಿತ್ತಾಗ ಆಗುವ ನೋವು ಬೇರೆ ಯಾವ ನೋವಿನ ಹಾಗೂ ಅಲ್ಲ, ಅದು ಸೀದಾ ಮೂಗಿಗೆ ಹೋಗಿ ಕಣ್ಣಲ್ಲಿ ನೀರು ತರಿಸುತ್ತದೆ, ಐವತ್ಮೂರು ವರ್ಷದಿಂದ ಆ ನೋವನ್ನು ಅವಳು ಮತ್ತೆ ಕಂಡಿರಲಿಲ್ಲ, ಕಂಡದ್ದೇ ತಡ, ಚಿಪ್ಪಿನ ರಾಶಿಗಳ ನಡುವಿನ ದಾರಿ, ಅಜ್ಜಿಯ ಹೆಬ್ಬೆರಳು, ಎರಡು ಕಲ್ಲು, ಕಪ್ಪು ರಬ್ಬರ್ ಚಪ್ಪಲಿಯ ಒಂದು ಪಾದ.

ಹನ್ನೊಂದು ವರ್ಷ ಆಗ. ಎಡಗಣ್ಣಿನ ಮೇಲಿನ ರೆಪ್ಪೆಯಲ್ಲಿ ಕುರು, ಹುರುಳಿಕಾಳಿನಷ್ಟು, ಕೆಂಪಗೆ. ಶಾಲೆಗೆ ಆ ವಾರವೇ ಸೂಕ್ಷ್ಮದರ್ಶಕ ಬಂದಿತ್ತು, ದ್ವೀಪದ ಶಾಲೆಗೆ ಮೊಟ್ಟಮೊದಲನೆಯದು, ಮರದ ಪೆಟ್ಟಿಗೆಯಲ್ಲಿ, ಶುಕ್ರವಾರ ಸಾಲಾಗಿ ನಿಂತು ಒಬ್ಬೊಬ್ಬರೂ ಈರುಳ್ಳಿಯ ಪೊರೆ ನೋಡುವುದು, ಮೇಷ್ಟ್ರು ಅವಳ ಮುಖ ನೋಡಿ, ಯೊನ್‌ಸಿಲ್, ನಿನ್ನ ಕಣ್ಣು ವಾಸಿಯಾದ್ರೆ ಮಾತ್ರ, ಇಲ್ಲಾಂದ್ರೆ ಬೇರೆ ಮಕ್ಕಳಿಗೂ ಅಂಟುತ್ತೆ, ಎಂದರು. ಅತ್ತಳು, ಅಳಬಾರದು ಕಣೇ ಇನ್ನೂ ಊದುತ್ತೆ ಎಂದಳು ಅಜ್ಜಿ, ಬಾ ಇಲ್ಲಿ, ಕೂತ್ಕೋ, ಎಂದು ಕುರುವಿನ ಮೇಲಿನ ಒಂದು ಕೂದಲು ಹಿಡಿದು ಚುರ್ ಎಂದು ಕಿತ್ತು ಅವಳ ಅಂಗೈಗೆ ಇಟ್ಟಳು, ತಗೊಂಡು ಹೋಗಿ ಜನ ಓಡಾಡೋ ದಾರೀಲಿ ಒಂದು ಕಲ್ಲಿನ ಮೇಲಿಡು, ಮೇಲೊಂದು ಕಲ್ಲು ಮುಚ್ಚು, ಯಾರು ಒದೀತಾರೋ ಅವರಿಗೆ ಹೋಗುತ್ತೆ, ನಿಂಗೆ ವಾಸಿ, ಹಿಂದಿರುಗಿ ನೋಡ್ಬೇಡ. ಆ ಊರಿನಲ್ಲಿ ಎಲ್ಲರೂ ಮಾಡುತ್ತಿದ್ದದ್ದೇ, ಅದಕ್ಕೇ ಎಲ್ಲರಿಗೂ ಕಲ್ಲಿನ ಮೇಲೆ ಕಲ್ಲು ಕಂಡರೆ ಸುತ್ತು ಹಾಕಿ ಹೋಗುವ ಅಭ್ಯಾಸ, ಕುಡಿದವರೂ ಸುತ್ತು ಹಾಕಿಯೇ ಹೋಗುತ್ತಿದ್ದರು. ಬಾವಿಗೆ ಹೋಗುವ ದಾರಿಯಲ್ಲಿ ಇಟ್ಟಳು. ಹಿಂದಿರುಗಿ ನೋಡಿದಳು. ನೋಡಿದ್ದಷ್ಟೇ ಅಲ್ಲ, ಮುರಿದ ಗೋಡೆಯ ಹಿಂದೆ ಕೂತು ಕಾದಳು, ಯಾರಿಗೆ ಹೋಗುತ್ತದೆ ಎಂದು ಕಣ್ಣಾರೆ ಕಾಣಬೇಕಿತ್ತು, ಆಗಲೂ ಹಾಗೇ, ಕಂಡರೆ ಮಾತ್ರ ನಂಬುವ ಹುಡುಗಿ. ಬಲೆ ಹೊತ್ತ ಗಂಡಸು ಬಂದ, ಸುತ್ತು ಹಾಕಿ ಹೋದ. ಹಿರಿಯ ಹೆಂಗಸರಿಬ್ಬರು ಬಂದರು, ಯಾರ ಮನೆಯ ಪಿಶಾಚಿ ಇಟ್ಟಿದ್ದೋ ಎಂದು ಥೂ ಎಂದು ಉಗಿದು ಹೋದರು. ಆಮೇಲೆ ಮಾಲ್‌ಸಿಲ್ ಬಂದಳು, ತಂಗಿ, ಏಳು ವರ್ಷ, ತಲೆಯ ಮೇಲೆ ಸೋರೆಬುರುಡೆಯಲ್ಲಿ ನೀರು, ಕಾಲಿಗೆ ಅಕ್ಕನ ಹಳೆಯ ಕಪ್ಪು ರಬ್ಬರ್ ಚಪ್ಪಲಿ, ಹಿಮ್ಮಡಿ ಮುಚ್ಚುವಂಥದ್ದು, ದೊಡ್ಡದಾಗುತ್ತದೆಂದು ಹಿಂದೆ ಹುಲ್ಲು ತುರುಕಿದ್ದು, ಚಟ್ ಪಟ್ ಎಂದು ಬಡಿಯುತ್ತಾ. ಕೂಗಬಹುದಿತ್ತು. ಮಾಲ್‌ಸಿಲಾ ಎಂದರೆ ಸಾಕಿತ್ತು, ಗೋಡೆಯಿಂದ ದಾರಿಗೆ ಹದಿನೈದು ಹೆಜ್ಜೆ. ಪಾದ ಬಂತು, ಕಲ್ಲು ಉರುಳಿತು. ಅಷ್ಟೇ. ಶುಕ್ರವಾರದ ಹೊತ್ತಿಗೆ ಯೊನ್‌ಸಿಲ್‌ಳ ಕುರು ಒಡೆದು ಬತ್ತಿತ್ತು, ಅವಳು ಸಾಲಿನಲ್ಲಿ ನಿಂತು ಬಲಗಣ್ಣನ್ನು ಆ ತಣ್ಣನೆಯ ಕೊಳವೆಗೆ ಇಟ್ಟಳು, ಬೆಳಕು, ಬೆಳಕಿನೊಳಗೆ ಇಟ್ಟಿಗೆ ಗೋಡೆಯ ಹಾಗೆ ಒಂದರ ಪಕ್ಕ ಒಂದು ಕೋಣೆ, ಪ್ರತಿ ಕೋಣೆಗೂ ಒಂದು ಚುಕ್ಕೆ, ಎಷ್ಟು ಸುಮ್ಮನೆ ಇದ್ದವು, ಎಷ್ಟು ಶುದ್ಧವಾಗಿ, ಮುಂದಿನ ಐವತ್ತು ವರ್ಷದ ಬದುಕೆಲ್ಲ ಆ ಕೊಳವೆಯೊಳಗಿಂದಲೇ ಬಂತು. ಅದೇ ಹೊತ್ತಿಗೆ ಮನೆಯಲ್ಲಿ ಮಾಲ್‌ಸಿಲ್ ಜ್ವರದಲ್ಲಿ ಕನವರಿಸುತ್ತಿದ್ದಳು, ಬಲರೆಪ್ಪೆ ಪ್ಲಮ್ ಹಣ್ಣಿನಷ್ಟು.

ದೋಣಿ ಸಿಗಲಿಲ್ಲ, ಗಾಳಿ ಇತ್ತು, ಮೂರು ದಿನ. ಕೊನೆಗೆ ಔಷಧಿ ಅಂಗಡಿಯವನೇ ಕೀವು ಬಿಡಿಸಿದ, ಕಣ್ಣು ಉಳಿಯಿತು, ರೆಪ್ಪೆಯಲ್ಲಿ ಗಾಯದ ಗೆರೆ ಉಳಿಯಿತು, ಆ ಗೆರೆ ರೆಪ್ಪೆಯನ್ನು ಮೇಲಕ್ಕೆ ಎಳೆದುಕೊಂಡು ನಿಂತುಬಿಟ್ಟಿತು, ಮಾಲ್‌ಸಿಲ್ ಅಂದಿನಿಂದ ಒಂದು ಕಣ್ಣು ಸ್ವಲ್ಪ ತೆರೆದುಕೊಂಡೇ ಮಲಗುತ್ತಾಳೆ. ಮದುವೆಯಾದ ದಿನದಿಂದ ಒಂದು ಕಣ್ಣು ನನ್ನ ಮೇಲೇ ಇಟ್ಟಿದಾಳೆ ಕಣ್ರೀ, ಕಳ್ಳತನ ಮಾಡೋ ಹಾಗೇ ಇಲ್ಲ, ಎಂದು ಅವಳ ಗಂಡ ಕುಡಿದಾಗಲೆಲ್ಲ ಹೇಳುತ್ತಿದ್ದ, ಎಲ್ಲರೂ ನಗುತ್ತಿದ್ದರು, ಮಾಲ್‌ಸಿಲ್ ಎಲ್ಲರಿಗಿಂತ ಜೋರಾಗಿ. ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ಪಾಠ ಬಂದಾಗ ಯೊನ್‌ಸಿಲ್ ಮೂರು ಸಲ ಆ ಪುಟ ಓದಿದಳು, ದ್ರಾಕ್ಷಿಗೊಂಚಲಿನ ಹಾಗಿರುವ ಬ್ಯಾಕ್ಟೀರಿಯಾ, ಹರಡುವುದು ಕೈಯಿಂದ, ಬಟ್ಟೆಯಿಂದ, ಮತ್ತು ಮೊಳೆಗೆ ನೇತುಹಾಕಿದ ಒಂದೇ ಟವೆಲ್ಲು ಕಣ್ಣಿಗೆ ಕಟ್ಟಿತು, ಮನೆಯ ಐದು ಜನವೂ ಮುಖ ಒರೆಸಿಕೊಳ್ಳುತ್ತಿದ್ದ ಟವೆಲ್ಲು. ಕಲ್ಲಲ್ಲ, ಟವೆಲ್ಲು. ಕಲ್ಲಿನಿಂದ ಯಾರಿಗೂ ಏನೂ ಹೋಗುವುದಿಲ್ಲ. ಆ ಸಂಜೆ ಹಾಸ್ಟೆಲಿನ ಮೆಟ್ಟಿಲ ಮೇಲೆ ಹಗುರವಾಗಿ ಕೂತಿದ್ದಳು, ಹತ್ತು ನಿಮಿಷ ಇರಬಹುದು, ಆಮೇಲೆ ತಿಳಿಯಿತು, ವಿಜ್ಞಾನ ಕಲ್ಲನ್ನು ಬಿಡುಗಡೆ ಮಾಡಿತು, ಗೋಡೆಯ ಹಿಂದೆ ಕೂತವಳನ್ನಲ್ಲ. ಟವೆಲ್ಲಿಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು, ಅಥವಾ ಗೊತ್ತು ಎಂದು ನಂಬಿದ್ದಳು, ಹೋಗಲಿ ಅವಳಿಗೇ ಹೋಗಲಿ ಎಂದು ಬಾಯಿ ಮುಚ್ಚಿಕೊಂಡಿದ್ದಳು, ಅದಕ್ಕೆ ಯಾವ ಮುಲಾಮು. ಪಾದ ಬಂತು, ಕಲ್ಲು ಉರುಳಿತು — ಒಂದು ಕ್ಷಣ ನಿಂತಿತ್ತೇ ಪಾದ, ಇಲ್ಲ, ಏಳು ವರ್ಷದ ಮಕ್ಕಳ ಕಾಲು ನಿಲ್ಲುವುದಿಲ್ಲ. ಹೇಳಬೇಕೆಂದು ಎಷ್ಟು ಸಲ ಹೊರಟಳು, ಹೇಳಲಿಲ್ಲ, ಬದಲಿಗೆ ಔಷಧಿ ಕಳಿಸಿದಳು, ಕಣ್ಣಿಗೆ ಬಿಡುವ ಹನಿ, ಮಲಗುವಾಗ ಹಚ್ಚುವ ಜೆಲ್ಲು, ಹೇಗೆ ಹಚ್ಚಬೇಕೆಂದು ದುಂಡಕ್ಷರದ ಚೀಟಿ. ಅಮ್ಮ ಮೂರು ವರ್ಷ ಹಾಸಿಗೆ ಹಿಡಿದಾಗಲೂ ಹಾಗೇ, ಮಾಲ್‌ಸಿಲ್ ಎತ್ತಿ ಮಲಗಿಸಿ ತೊಳೆದು ಉಣಿಸಿದಳು, ಯೊನ್‌ಸಿಲ್ ಭಾನುವಾರ ಬಂದು ರಕ್ತದೊತ್ತಡದ ಪುಸ್ತಕ ನೋಡಿ ಮಾತ್ರೆಯ ಹೊತ್ತು ತಿದ್ದಿ ಕೊನೆಯ ದೋಣಿಗೆ ಹೋದಳು, ಸಾವಿನ ಮನೆಯಲ್ಲಿ ಬಂದವರಿಗೆ ಬಿಸಿ ಸಾರು ಬಡಿಸುತ್ತಾ ತಂಗಿ ಮೆಲ್ಲಗೆ ಹೇಳಿದಳು, ನೀನು ಅಂಕಿ ನೋಡೋಕೆ ಬರ್ತಿದ್ದೆ ಅಕ್ಕ, ಅಮ್ಮನ್ನ ನೋಡೋಕಲ್ಲ, ನೀನು ಯಾವಾಗ್ಲೂ ದೂರ ಕೂತು ನೋಡೋಳು. ಆ ಮಾತಿಗೆ ಈಗ ಮೂರು ವರ್ಷವಾಯಿತು. ಹಬ್ಬಕ್ಕೆ ಒಂದು ಸಾಲಿನ ಮೆಸೇಜು, ಊಟ ಆಯ್ತಾ, ಆಯ್ತು, ಚಳಿ ಜೋಪಾನ.

ತಾಕ್ ಯೊನ್‌ಸಿಲ್ ಅವರೇ, ಒಳಗೆ ಬನ್ನಿ. ಗಲ್ಲ ಇಲ್ಲಿ, ಹಣೆ ಇಲ್ಲಿ, ಮೇಲೆ ನೋಡಿ, ಕೆಳಗೆ, ಡಾಕ್ಟರ ಉಸಿರಿನಲ್ಲಿ ಕಾಫಿಯ ವಾಸನೆ, ಸೀಳು ಬೆಳಕು ರೆಪ್ಪೆಯ ಅಂಚಿನ ಮೇಲೆ ಮೆಲ್ಲಗೆ ಹರಿಯುತ್ತದೆ, ಈಗ ಅವಳೇ ಗಾಜಿನ ಮೇಲಿನ ಹನಿ. ಪರವಾಗಿಲ್ವೇ, ಎಂದರು, ತುಂಬಾ ಚೆನ್ನಾಗಿ ಇಳಿದಿದೆ, ಗ್ರಂಥಿಗಳೆಲ್ಲ ಬಾಯಿ ಬಿಟ್ಟಿವೆ, ಇಷ್ಟು ಶಿಸ್ತಾಗಿ ಮಾಡೋರು ನೂರಕ್ಕೆ ಒಬ್ರು ಅಮ್ಮಾ, ಮಿಂಚು ಗಿಂಚು ಏನೂ ಬೇಡ, ಗುರುವಾರ ಮಾಡ್ಬಿಡೋಣ, ಯಾರು ಬರ್ತಾರೆ ಜೊತೆಗೆ. ಬರ್ತಾರೆ, ಎಂದಳು. ಹೊರಗೆ ಬಂದರೆ ಮುದುಕಿಯೂ ಸೊಸೆಯೂ ಹೋಗಿದ್ದರು, ಪುಣ್ಯ, ಮಗ ಇನ್ನೂ ಸುತ್ತುತ್ತಿದ್ದಾನೆ. ಹಾಗಾದರೆ ಒಂದು ಆಯಿತು, ರೆಪ್ಪೆಯದು, ತನ್ನೊಬ್ಬಳ ಕೈಯಿಂದ ಆಗುವಂಥದ್ದು, ಬಿಸಿ, ಒತ್ತು, ತೊಳೆ, ಒರೆಸು, ಎಲ್ಲ ಆಯಿತು, ಉಳಿದದ್ದು ಆ ಸಾಲು. ಕೆಲಸದಲ್ಲಿ ಜೊತೆಗಿದ್ದವಳು ಮಗನ ಮನೆಗೆಂದು ದೂರ ಹೋದಳು. ಕೆಳಗಿನ ಮನೆಯವನ ಹೆಸರೂ ಗೊತ್ತಿಲ್ಲ, ಅವನಿಗೆ ಬರುವ ಪಾರ್ಸೆಲುಗಳು ಗೊತ್ತು ಅಷ್ಟೇ. ದುಡ್ಡು ಕೊಟ್ಟರೆ ಜೊತೆಗೆ ಬರುವವರಿದ್ದಾರೆ ಎಂದು ಫೋನ್ ಮಾಡಿದ್ದಾಗ, ಸಂಬಂಧಿಕರು ಯಾರೂ ಇಲ್ವಾ ಅಮ್ಮಾ ಎಂದು ಆ ಹುಡುಗಿ ಎಷ್ಟು ಮರುಕದಿಂದ ಕೇಳಿದಳೆಂದರೆ, ಇದಾರೆ ಎಂದು ಇಟ್ಟುಬಿಟ್ಟಿದ್ದಳು. ಇದಾರೆ. ನರ್ಸು ಅರ್ಜಿಗೆ ಕೈ ಚಾಚಿದ್ದಾಳೆ, ಅಮ್ಮಾ, ಆಯ್ತಾ. ಎರಡೇ ನಿಮಿಷ, ಎಂದು ಕಿಟಕಿಯ ಹತ್ತಿರ ಹೋಗಿ ಫೋನನ್ನು ಮೂಗಿಗೆ ಹತ್ತಿಸಿಕೊಂಡು ಹುಡುಕಿದಳು, ಅಕ್ಷರಗಳಿಗೆಲ್ಲ ಬಳೆ, ಬೆರಳು ಒತ್ತಿತು.

ಆ ಕಡೆ ಫೋನು ಮೂರು ಸಲ ರಿಂಗಾಯಿತು, ನಾಲ್ಕು ಸಲ, ಆಮೇಲೆ ಸ್ಪೀಕರಿನ ಗದ್ದಲ, ಸಿಂಪಿ ಸುಲಿಯುವ ಶೆಡ್ಡಿನ ಚಟಚಟ, ಚಿಪ್ಪಿಗೆ ಚಾಕು ತಾಕುವ ನೂರು ಸದ್ದು, ಯಾರೋ ಹಾಡುತ್ತಿದ್ದಾರೆ, ಮತ್ತೆ ಆ ಧ್ವನಿ, ಹಲೋ, ಅಕ್ಕಾ, ಯಾರು ಸತ್ರು? ಯಾರೂ ಇಲ್ಲ. ಮತ್ಯಾಕೆ ಫೋನ್ ಮಾಡಿದೀಯ. ಸುಮ್ನೆ. ಸುಮ್ನೆ ಫೋನ್ ಮಾಡೋಳಾ ನೀನು, ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ್ನಾ ಇವತ್ತು, ಏ, ಯಾರಾದ್ರೂ ಹೊರಗೋಗಿ ನೋಡ್ರೇ, ಎಂದು ಮಾಲ್‌ಸಿಲ್ ಯಾರಿಗೋ ಕೂಗಿ ಹೇಳಿದಳು, ನಗು, ಚಾಕುಗಳ ಚಟಚಟ. ಕಣ್ಣಿನ ಆಸ್ಪತ್ರೆಗೆ ಬಂದಿದ್ದೆ, ಎಂದಳು ಯೊನ್‌ಸಿಲ್, ರೆಪ್ಪೆ ಊದ್ಕೊಂಡಿತ್ತು, ಈಗ ಇಳಿದಿದೆ. ಬಿಸಿ ಶಾಖ ಕೊಟ್ಯಾ, ಎಂದಳು ತಂಗಿ, ಬಟ್ಟೆ ಬೇರೆ ಇಟ್ಕೋ, ಅಯ್ಯೋ ನಿನ್ನ ಟವೆಲ್ಲಿಗೆ ಪಾಲು ಕೇಳೋರು ಯಾರಿದಾರೆ ಬಿಡು. ಅದು ಕುಟುಕಲ್ಲ, ತಮಾಷೆಯೇ, ಕುಟುಕೂ ಹೌದು. ರೆಪ್ಪೆಗೂದಲು ಕಿತ್ರು ಡಾಕ್ಟರು, ಎಂದಳು ಅಕ್ಕ, ಏಕೆ ಹೇಳಿದಳೋ, ಬಾಯಿ ತಾನೇ ಹೇಳಿತು, ಅಜ್ಜಿ ಕಿತ್ತ ಹಾಗೇ, ಮಾಲ್‌ಸಿಲಾ, ಆ ಕಲ್ಲು, ಅದನ್ನ ಇಟ್ಟಿದ್ದು ನಾನು. ಆ ಕಡೆ ಚಾಕುಗಳು ಚಟಚಟ. ಗೊತ್ತು, ಎಂದಳು ಮಾಲ್‌ಸಿಲ್. ಏನ್ ಗೊತ್ತು. ಗೋಡೆ ಹಿಂದೆ ನಿನ್ನ ತಲೆ ಕಾಣ್ತಿತ್ತಲ್ಲೇ, ಬಚ್ಚಿಟ್ಕೊಳ್ಳೋದ್ರಲ್ಲಿ ನೀನು ಮೊದ್ಲಿಂದ್ಲೂ ದಡ್ಡಿ. ಮತ್ತೆ ಯಾಕೆ ಒದ್ದೆ — ಕಿಟಕಿಯ ಹೊರಗಿನ ಬಂದರೆಲ್ಲ ಬೆಳ್ಳಗೆ, ದೋಣಿಗಳಿಗೆ ಅಂಚಿಲ್ಲ. ನೀನು ಕೂಗ್ತೀಯೇನೋ ಅಂತ ನಿಂತೆ ಕಣೇ, ಎಂದಳು ಮಾಲ್‌ಸಿಲ್, ಕೋಪವಿಲ್ಲದೆ, ನಿನ್ನೆ ಪೇಟೆಯಲ್ಲಿ ನಡೆದದ್ದನ್ನು ಹೇಳುವ ಹಾಗೆ, ಕೂಗ್ಲಿಲ್ಲ, ಸರಿ ಅಂತ ಒದ್ದೆ, ತಲೆ ಮೇಲೆ ನೀರಿತ್ತು, ಎಷ್ಟು ಹೊತ್ತು ನಿಂತಿರ್ಲಿ.

ನಿಂತಿತ್ತು. ಹಾಗಾದರೆ ನಿಂತಿತ್ತು ಪಾದ, ಏಳು ವರ್ಷದ ಪಾದ, ಐವತ್ಮೂರು ವರ್ಷ ಅವಳು ಆ ಪಾದವನ್ನು ನಿಲ್ಲಲು ಬಿಡದೆ ಓಡಿಸಿ ಒದೆಸಿದ್ದಳು, ನಿಂತಿದ್ದರೆ ಕೂಗಲು ಹೊತ್ತಿತ್ತು ಎಂದಾಗುತ್ತದೆ ಎಂದು, ಈಗ ಕಾಣುತ್ತದೆ, ಯಾವ ಕೊಳವೆಯೂ ಬೇಡ, ಕಪ್ಪು ರಬ್ಬರು, ಅಂಚಿನಲ್ಲಿ ಒಣಗಿದ ಉಪ್ಪಿನ ಬಿಳಿ ಗೆರೆ, ಹಿಮ್ಮಡಿಯಿಂದ ಇಣುಕುವ ಹುಲ್ಲು, ಬುರುಡೆಯಿಂದ ತುಳುಕಿದ ನೀರು ಬೆರಳುಗಳ ಮೇಲೆ ಬಿದ್ದು ಇಳಿಯುತ್ತಿದೆ. ಸರಿ ಅಕ್ಕಾ, ಇಡ್ಲಾ, ಎಂದಿತು ಆ ಧ್ವನಿ, ನನ್ನ ಬುಟ್ಟಿ ಹಿಂದೆ ಬಿತ್ತು. ಇಡಲಿಲ್ಲ. ನೂರು ಚಾಕುಗಳ ಸದ್ದಿನಲ್ಲಿ ಹತ್ತಿರದ ಒಂದು ಚಾಕು ಮಾತ್ರ ಸುಮ್ಮನಿದೆ, ಅವಳಿಗೆ ಕೇಳುತ್ತದೆ, ಎಣಿಸಿ ಎಣಿಸಿ ಅಭ್ಯಾಸ, ಒಂದು ಕಡಿಮೆ ಇದ್ದರೆ ಗೊತ್ತಾಗುತ್ತದೆ. ಅಮ್ಮಾ, ಲಿಸ್ಟ್ ಹೊರಡ್ತಾ ಇದೆ, ಎಂದಳು ನರ್ಸು. ಹದಿನೈದು ಹೆಜ್ಜೆ. ಮಾಲ್‌ಸಿಲಾ, ಎಂದು ಕೂಗಿದಳು ಯೊನ್‌ಸಿಲ್, ಕೂಗಿಯೇಬಿಟ್ಟಳು, ಕುರ್ಚಿಗಳ ಮೇಲಿನ ಮುಖಗಳೆಲ್ಲ ಮಂಜಿನಿಂದ ತಿರುಗಿದವು, ಮಾಲ್‌ಸಿಲಾ, ಇಡ್ಬೇಡ್ವೇ, ಗುರುವಾರ ನನ್ನ ಕಣ್ಣಿನ ಆಪರೇಷನ್, ನಂಗೆ ಯಾರೂ ಇಲ್ಲ, ಬರ್ತೀಯೇನೇ ನನ್ನ ಜೊತೆಗೆ — ಆ ಕಡೆಯಿಂದ ಉಸಿರು, ಬರೀ ಉಸಿರು, ಚಾಕು ಇನ್ನೂ ಎತ್ತಿಲ್ಲ, ನೀರು ಬೆರಳಿನಿಂದ ರಬ್ಬರಿಗೆ, ರಬ್ಬರಿನಿಂದ ಮಣ್ಣಿಗೆ, ಕಲ್ಲಿನ ಮೇಲೆ ಕಲ್ಲು ಇದ್ದ ಹಾಗೇ ಇದೆ, ಅದರ ಮುಂದೆ ಪಾದ, ಮುಖ ಗೋಡೆಯ ಕಡೆಗೆ, ಪಾದ ನಿಂತಿದೆ, ಕಪ್ಪು ಚಪ್ಪಲಿಯ ಆ ಪುಟ್ಟ ಪಾದ ನಿಂತಿದೆ.